ತಿರುಗಿ ಬರಬೇಕಾದ ಹಿಡಿ ಮಣ್ಣು

ಕಳೆದ ಫೆಬ್ರವರಿಯ ಎರಡನೇ ಶನಿವಾರ ಬೆಳಿಗ್ಗೆ, ಸಾಂಬ್ರಾಣಿಯ ನಮ್ಮ ಕಬ್ಬಿನ ಹೊಲದ ಬದುವಿನ ಮೇಲೆ ನನ್ನ ತಮ್ಮ ಪಕ್ಕದ ಹೊಲದವನ ಕೆನ್ನೆಗೆ ಹೊಡೆದ. ಅವನ ಎಡಗಿವಿಯ ತಮಟೆ ಹರಿಯಿತು. ನಮ್ಮ ನೀರಿನ ಪಾಳಿ ಮುಗಿಯಲು ಅರ್ಧ ಗಂಟೆ ಇರುವಾಗಲೇ ಅವನು ಕೆರೆ ನೀರನ್ನು ತನ್ನ ಹೊಲಕ್ಕೆ ತಿರುಗಿಸಿಕೊಂಡಿದ್ದ. ಇಬ್ಬರೂ ಹಳಿಯಾಳದ ಒಂದೇ ಗರಡಿಯ ಪೈಲ್ವಾನರು, ಹನ್ನೆರಡು ವರ್ಷ ಜೋಡಿಯಾಗಿ ತಾಲೀಮು ಮಾಡಿದವರು.

ಹಲ್ಲೆಯ ಸುದ್ದಿಗಳನ್ನು ನಾನು ಪತ್ರಿಕೆಗೆ ಎಷ್ಟೋ ವರ್ಷ 'ಹಳೆಯ ವೈಷಮ್ಯವೇ ಕಾರಣ ಎನ್ನಲಾಗಿದೆ' ಎಂದು ಬರೆದು ಮುಗಿಸಿದ್ದೇನೆ. ಈ ಸಲ ಆ ಸಾಲು ಬರೆಯಲಾಗಲಿಲ್ಲ. ವೈಷಮ್ಯ ಇರಲಿಲ್ಲ. ಅದೇ ವಾರ ಮುಂಡಗೋಡದಲ್ಲಿ ಉಪನ್ಯಾಸಕರೊಬ್ಬರು ಮನುಷ್ಯ ಯಾಕೆ ಕೈ ಎತ್ತುತ್ತಾನೆ ಎಂದು ಮಾತಾಡಿದ್ದನ್ನು ವರದಿ ಮಾಡಿದ್ದೆ. ಅದು ಹುಟ್ಟಿನಿಂದಲೇ ಬರುತ್ತದೆ ಎನ್ನುವವರಿದ್ದಾರೆ, ಬೇಕಾದದ್ದು ಕೈತಪ್ಪಿದಾಗ ಬರುತ್ತದೆ ಎನ್ನುವವರಿದ್ದಾರೆ, ನೋಡಿ ಕಲಿಯುತ್ತೇವೆ ಎನ್ನುವವರೂ ಇದ್ದಾರೆ. ಆ ಟಿಪ್ಪಣಿ ಹಿಡಿದು ಬದುವಿಗೆ ಮೂರು ಸಲ ಹೋಗಿ ಬಂದೆ. ಕೂತಲ್ಲಿ ಕೂರಲಾಗಲಿಲ್ಲ.

ಅವ್ವ ಅದು ಅಜ್ಜನ ರಕ್ತ ಎಂದಳು. ಅಜ್ಜ ಎತ್ತಿಗೂ ಬಾರುಕೋಲು ಎತ್ತಿದವನಲ್ಲ ಎಂದು ನೆನಪಿಸಿದೆ. ಹಾಗಾದರೆ ನನ್ನ ತವರಿನದೇ ಇರಬೇಕು ಎಂದು ಒಲೆಯತ್ತ ತಿರುಗಿದಳು.

ಕೊನೆಗೆ ತಮ್ಮನನ್ನೇ ಕೇಳಿದೆ.

"ಗೊತ್ತಿಲ್ಲಣ್ಣ. ಕೈ ಮೊದಲ ಹೋತು. ಸಿಟ್ಟು ಆಮ್ಯಾಲ ಬಂತು."

ಉಪನ್ಯಾಸಕರು ಹೇಳಿದ ಮೂರರಲ್ಲಿ ಯಾವುದಕ್ಕೂ ಇದು ಹೊಂದಲಿಲ್ಲ.

ಗರಡಿಯಲ್ಲಿ ಕುಸ್ತಿ ಕಲಿಸುವ ವಸ್ತಾದರು ಹಳಿಯಾಳದಲ್ಲಿ ಬೈಕ್ ರಿಪೇರಿ ಮಾಡುವವರು. ಅವರು ಕಾರಣ ಕೇಳಲೇ ಇಲ್ಲ. ಕುಸ್ತಿಗೆ ಇಳಿಯುವ ಮೊದಲು ಇಬ್ಬರೂ ಹಿಡಿ ಮಣ್ಣನ್ನು ಕೊಟ್ಟು ತೆಗೆದುಕೊಳ್ಳುವುದು ಅಲ್ಲಿನ ರೂಢಿ. ಹೊಡೆಸಿಕೊಂಡವನ ಕೈಯಿಂದ ಮಣ್ಣು ತಿರುಗಿ ಬರುವವರೆಗೆ ತಮ್ಮ ಯಾರೊಂದಿಗೂ ಕುಸ್ತಿ ಆಡುವಂತಿಲ್ಲ ಎಂದರು. ತಮ್ಮನಿಗೆ ಹೊಲಕ್ಕಿಂತ ಗರಡಿ ದೊಡ್ಡದು.

ಮರುವಾರ ಪಕ್ಕದ ಹೊಲದವನು ಕಿವಿಗೆ ಹತ್ತಿ ಇಟ್ಟುಕೊಂಡೇ ಗರಡಿಗೆ ಬಂದು ಕಟ್ಟೆಯ ಮೇಲೆ ಕೂತ. ತಮ್ಮ ಅವನ ಎಡಕ್ಕೆ ನಿಂತು ತಪ್ಪಾಯಿತು ಎಂದ.

"ಈ ಕಡೆ ಬಂದ ಮಾತಾಡೋ ಪೈಲ್ವಾನ. ಆ ಕಿವಿ ನಿಂದಾತಲ್ಲ."

ತಮ್ಮ ಬಲಕ್ಕೆ ಬಂದು ಅದನ್ನೇ ಮತ್ತೆ ಹೇಳಿ ಮಣ್ಣು ಚಾಚಿದ. ಅವನು ಕೈಕಟ್ಟಿಯೇ ಇದ್ದ.

ಜೂನ್‌ನಲ್ಲಿ ತಮಟೆ ಕೂಡಿಕೊಂಡಿದೆ ಎಂದು ವೈದ್ಯರು ಹೇಳಿದರು. ತಮ್ಮ ಪ್ರತಿ ಶನಿವಾರ ಮಣ್ಣು ಚಾಚುತ್ತಾನೆ. ಕಳೆದ ಶನಿವಾರ ಪಕ್ಕದ ಹೊಲದವನು ಅಂಗೈ ಬಿಚ್ಚಿ ಅದನ್ನು ತೆಗೆದುಕೊಂಡ. ತಿರುಗಿ ಕೊಡಲಿಲ್ಲ.