ಗಿರಿಜಕ್ಕನ ಹಾವಿನ ಪಥ್ಯ

ಗಿರಿಜಕ್ಕ ಹಾವಿಗೂ ಉಪಚಾರ ಮಾಡಿ ಬಡಿಸುತ್ತಿದ್ದರು. ಫ್ರಿಜ್ಜಿನಿಂದ ತೆಗೆದ ಇಲಿಯನ್ನು ಬಿಸಿನೀರಿನಲ್ಲಿಟ್ಟು ಬೆಚ್ಚಗೆ ಮಾಡಿ, ಇಕ್ಕಳದಲ್ಲಿ ಹಿಡಿದು ಗಾಜಿನ ಪೆಟ್ಟಿಗೆಯೊಳಗೆ ಚಾಚಿ, "ಸಂಕೋಚ ಬೇಡ, ಇನ್ನೊಂದಿದೆ" ಎನ್ನುತ್ತಿದ್ದರು. ಆಮೇಲೆ ಸ್ನಾನ. ಸ್ವತಃ ಈರುಳ್ಳಿಯನ್ನೂ ಮುಟ್ಟದವರು; ಇಲಿಗಳಿಗೆಂದೇ ಬಾಲ್ಕನಿಯಲ್ಲಿ ಬೇರೆ ಫ್ರಿಜ್ಜು ಇಟ್ಟಿದ್ದರು.

ನೋಯ್ಡಾದ ನಮ್ಮ ಸೊಸೈಟಿಯಲ್ಲಿ ನನ್ನ ಎದುರು ಮನೆ ಅವರದು. ಬ್ಯಾಂಕಿನಲ್ಲಿ ಅಧಿಕಾರಿ, ಒಂಟಿ ಜೀವ. ದುಬೈಗೆ ಹೊರಟ ಸಹೋದ್ಯೋಗಿಯೊಬ್ಬ ತನ್ನ ಆಫ್ರಿಕದ ಹೆಬ್ಬಾವನ್ನು ಪರವಾನಗಿ ಸಮೇತ ಇವರಿಗೆ ಒಪ್ಪಿಸಿ ಹೋಗಿದ್ದ. ಅದಕ್ಕೆ ಪುಟ್ಟ ಎಂದು ಹೆಸರಿಟ್ಟರು. ವರ್ಷ ತುಂಬುವುದರೊಳಗೆ ಪುಟ್ಟ ಲೋಡುದಿಂಬಿನ ಆಕಾರಕ್ಕೆ ಬಂದಿತ್ತು.

ನಾನು ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಪಳಗಿದವನು; ಗಿರಿಜಕ್ಕ ಛೇಡಿಸಲೆಂದೇ ವಕೀಲರೇ ಎನ್ನುತ್ತಿದ್ದರು. ಸುಮ್ಮನಿರಲಾಗಲಿಲ್ಲ.

"ಅಕ್ಕ, ಇದಕ್ಕೆ ಬೊಜ್ಜು ಬಂದಿದೆ."

"ಮೈ ತುಂಬ್ಕೊಂಡಿದೆ ಅನ್ನಿ ವಕೀಲರೇ. ಕಣ್ಣು ಹಾಕ್ಬೇಡಿ."

ಮರುದಿನ ಪೆಟ್ಟಿಗೆಯ ಗಾಜಿಗೆ ಕಾಡಿಗೆ ಬೊಟ್ಟು ಬಿದ್ದಿತ್ತು.

ಒಂದು ಭಾನುವಾರ ಪುಟ್ಟ ತನ್ನ ಕೊಂಬೆ ಹತ್ತಲು ಹೋಗಿ, ಅರ್ಧದಲ್ಲೇ ಧೊಪ್ಪನೆ ಬಿದ್ದು, ಬಾಯಿ ತೆರೆದು ಉಸಿರೆಳೆಯತೊಡಗಿತು. ಕ್ಯಾಬ್ ಹಿಡಿದು ದೆಹಲಿಯ ರೋಹಿಣಿ ಬಡಾವಣೆಯ ಪಶುವೈದ್ಯರ ಬಳಿಗೆ ಓಡಿದೆವು. ಅವರು ಬೆನ್ನ ಮೇಲೆ ಬೆರಳಾಡಿಸಿದರು. ಆರೋಗ್ಯವಾಗಿರುವ ಹಾವಿನ ಬೆನ್ನು ಮಾಡಿನ ನೆತ್ತಿಯಂತೆ ತುಸು ಏಣಾಗಿರಬೇಕಂತೆ. ಇಲ್ಲಿ ಬೆನ್ನೆಲುಬು ಕೊಬ್ಬಿನೊಳಗೆ ಹೂತುಹೋಗಿತ್ತು. ಮೈ ಬಾಗಿಸಿದಲ್ಲೆಲ್ಲ ಮಡಿಕೆ. ಹೊಟ್ಟೆ ಖಾಲಿಯಿದ್ದಾಗಲೂ ಹುರುಪೆಗಳ ನಡುವೆ ಚರ್ಮ ಕಾಣುತ್ತಿತ್ತು.

"ಹೀಗೇ ಬಿಟ್ಟರೆ ಲಿವರ್ ಕೆಟ್ಟು ಸಾಯುತ್ತೆ," ಎಂದು ಹಿಂದಿಯಲ್ಲಿ ಹೇಳಿದವರು, "ತಿಂಗಳಿಗೆ ಒಂದು ಸಾಕು. ಸಾಂಪ್ ಹೈ ಆಂಟಿಜೀ, ಮೆಹಮಾನ್ ನಹೀ," ಎಂದರು. ಹಾವೇ ಹೊರತು ಅತಿಥಿಯಲ್ಲ.

ಮನೆಗೆ ಬಂದ ಮೂರನೇ ದಿನಕ್ಕೇ ಗಿರಿಜಕ್ಕನ ಕೈಯಲ್ಲಿ ಇಕ್ಕಳ.

"ನೋಡು, ನಾಲಿಗೆ ಚಾಚಿ ಕೇಳ್ತಿದೆ."

"ಅದು ವಾಸನೆ ಹಿಡಿಯೋ ರೀತಿ ಅಕ್ಕ."

"ಅಡುಗೆಮನೆ ಕಡೆ ವಾಸನೆ ಹಿಡಿಯೋರೆಲ್ಲ ಹಸಿದೋರೇ."

ಜೀರ್ಣಕ್ರಿಯೆ, ಪುರಾವೆ, ತರ್ಕ, ನನ್ನ ಬತ್ತಳಿಕೆ ಅಲ್ಲಿಗೆ ಬರಿದಾಯಿತು. ಉಳಿದದ್ದು ಚರ್ಚಾಪಟುವಿನ ಕೊನೆಯ ಪಟ್ಟು: ಎದುರಾಳಿಯ ನಂಬಿಕೆಯ ಮೇಲೇ ನಿಂತು ವಾದಿಸುವುದು. ದೇವರ ದೀಪ ಕಂಡರೂ ಮೂಗು ಮುರಿಯುವ ನಾನು ಗಂಭೀರವಾಗಿ ಹೇಳಿದೆ: "ಅಕ್ಕ, ಗಣಪತಿ ವಾಹನವನ್ನ ವಾರವಾರ ಬಡಿಸ್ತಿದ್ದೀರಲ್ಲ. ಸಂಕಷ್ಟಿ ದಿನ ಯಾವ ಮುಖ ಇಟ್ಕೊಂಡು ಪೂಜೆಗೆ ಕೂರ್ತೀರಿ?"

ಇಕ್ಕಳ ಕೆಳಗಿಳಿಯಿತು. ಅಂದಿನಿಂದ ಪುಟ್ಟನಿಗೆ ಅಮಾವಾಸ್ಯೆಗೊಂದೇ ಊಟ, ಅದೂ ಸಣ್ಣ ಇಲಿ. ಮುಂದಿನ ಚಳಿಗಾಲದ ಹೊತ್ತಿಗೆ ಬೆನ್ನಿನ ಏಣು ಮೇಲೆದ್ದಿತು. ಪುಟ್ಟ ಕೊಂಬೆಯ ತುದಿ ಮುಟ್ಟಿತು. ನಾನು ಗೆದ್ದವನ ಗತ್ತಿನಲ್ಲಿ ಲಿಫ್ಟಿನಲ್ಲಿ ಓಡಾಡಿದೆ.

ಗಿರಿಜಕ್ಕನಿಗೆ ಲಖನೌಗೆ ವರ್ಗವಾಯಿತು. ಹೊರಡುವ ಬೆಳಿಗ್ಗೆ ಬಟ್ಟೆಚೀಲದಲ್ಲಿ ಸುತ್ತಿಕೊಂಡಿದ್ದ ಪುಟ್ಟನನ್ನು ತೊಡೆಯ ಮೇಲಿಟ್ಟುಕೊಂಡು ಕಾರಿನಲ್ಲಿ ಕೂತಿದ್ದರು. ಅಲ್ಲೂ ವ್ರತ ಬಿಡಬೇಡಿ, ಗಣಪತಿ ನೋಡ್ತಿರ್ತಾನೆ ಎಂದು ಛೇಡಿಸಿದೆ.

"ನಿನ್ನ ಗಣಪತಿ ವಾದ ಯಾರು ನಂಬಿದ್ರು? ಹಾವು ಇಲಿ ತಿನ್ನೋದನ್ನ ಅವನು ನಿನಗಿಂತ ಮೊದಲೇ ಬಲ್ಲ," ಎಂದರು ಗಿರಿಜಕ್ಕ. "ನಿನ್ನಂಥೋನು ದೇವರ ಹೆಸರು ಎತ್ತೋವರೆಗೂ ಬಂದಿದ್ದಾನೆ ಅಂದ್ರೆ, ಹಾವು ನಿಜವಾಗ್ಲೂ ಸಾಯೋ ಸ್ಥಿತೀಲಿದೆ ಅನ್ನಿಸ್ತು. ಅಷ್ಟೆ."

ಕಾರು ಗೇಟು ದಾಟಿತು. ನಾನು ಲಿಫ್ಟು ಬಿಟ್ಟು ಮೆಟ್ಟಿಲು ಹತ್ತಿದೆ.