ಅವ್ವ ಕಟ್ಟಿದ ಗಂಟು

ಲಿಂಗಸುಗೂರಿನಲ್ಲಿ ಹಳೆಯ ಕಾರೊಂದನ್ನು ಕೊಂಡು ಮಸ್ಕಿಗೆ ತಂದ ವರ್ಷ ಅದು. ಆಯುಧಪೂಜೆಯ ದಿನ ಅವ್ವ ಬೆಳಿಗ್ಗೆಯೇ ಎದ್ದು ಚೆಂಡುಹೂವಿನ ಹಾರ ಕಟ್ಟಿದಳು. ಹೂ ಕಟ್ಟುವುದರಲ್ಲಿ ನಮ್ಮ ಓಣಿಯಲ್ಲಿ ಅವಳನ್ನು ಮೀರಿಸುವವರಿರಲಿಲ್ಲ. ಕಾರಿನ ಎರಡೂ ಪಕ್ಕದ ಕನ್ನಡಿಗಳಿಗೆ ಒಂದೊಂದು ಹಾರ ಬಿಗಿದು, ದಾರವನ್ನು ಜಗ್ಗಿ ನೋಡಿದಳು.

"ಹೂವು ಕನ್ನಡಿಗಿ ಅಡ್ಡ ಬರಬಾರದು ನೋಡು. ಅದಕ್ಕ ಬುಡಕ್ಕ ಕಟ್ಟೀನಿ," ಅಂದಳು.

ನಾನು ಆಫೀಸಿನ ಗುಮಾಸ್ತ, ಅವಳು ಎಂದೂ ಲಾರಿ-ಬಸ್ಸು ಬಿಟ್ಟು ಬೇರೆ ಏನನ್ನೂ ಹತ್ತದವಳು. ನನಗೆ ಬುದ್ಧಿ ಹೇಳಲು ಬಂದಳಲ್ಲ ಎಂದು ಒಳಗೊಳಗೇ ನಕ್ಕೆ.

ಅಂದು ಅವಳನ್ನು ಸಿಂಧನೂರಿಗೆ ಕರೆದುಕೊಂಡು ಹೋದೆ. ಒಂದು ಮಿಠಾಯಿ ಅಂಗಡಿಯ ಮುಂದೆ, ರಸ್ತೆಯ ಎಡಬದಿಗೆ ಕಾರು ನಿಲ್ಲಿಸಿ ಪೇಡೆ ಕೊಂಡೆವು. ಹೊರಡುವ ಮುಂಚೆ ನನಗೊಂದು ಹುಕಿ ಬಂತು. ಅವ್ವನನ್ನು ಡ್ರೈವರ್ ಸೀಟಿನಲ್ಲಿ ಕೂರಿಸಿ ಫೋಟೋ ತೆಗೆಯಬೇಕು. ಅವಳು ನಾಚಿಕೊಂಡೇ ಕೂತಳು. ಹಾರ ಫೋಟೋದಲ್ಲಿ ಚೆನ್ನಾಗಿ ಕಾಣಲಿ ಎಂದು ನಾನು ಹೂವನ್ನು ಮೇಲೆಳೆದು ಡ್ರೈವರ್ ಬದಿಯ ಕನ್ನಡಿಯ ಮುಖಕ್ಕೆ ಸುತ್ತಿದೆ. ಅವ್ವ ಆಗ ತಲೆ ಬಗ್ಗಿಸಿಕೊಂಡು ಹಾರ್ನ್ ಎಲ್ಲಿದೆ ಎಂದು ಹುಡುಕುತ್ತಿದ್ದಳು. ಎರಡು ಫೋಟೋ ತೆಗೆದೆ, ಇಬ್ಬರೂ ನಕ್ಕೆವು. ಅವಳು ಇಳಿದು ಆಚೆ ಬದಿಗೆ ಹೋಗಿ ಕೂತಳು.

ಹಾರವನ್ನು ಮತ್ತೆ ಕೆಳಗಿಳಿಸಲಿಲ್ಲ. ಕತ್ತು ಹೊರಳಿಸಿ ಹಿಂದೆ ನೋಡಬಹುದಿತ್ತು, ಅದನ್ನೂ ಮಾಡಲಿಲ್ಲ. ಕನ್ನಡಿಯ ಕಡೆ ಕಣ್ಣು ಹಾಯಿಸಿದಾಗ ಹಳದಿ ಹೂವಷ್ಟೇ ಕಂಡಿತು, ಆದರೂ ಸ್ಟೇರಿಂಗ್ ಬಲಕ್ಕೆ ತಿರುಗಿಸಿ ರಸ್ತೆಗೆ ಬಂದುಬಿಟ್ಟೆ. ಅಂಥ ಮುಠ್ಠಾಳ ನಾನು. ಹಿಂದಿನಿಂದ ಬರುತ್ತಿದ್ದ ಬೈಕು ಬಂದು ಬಡಿಯಿತು.

ಬೈಕಿನಲ್ಲಿದ್ದವನು ಜವಳಗೇರಾದ ಒಬ್ಬ ಟೇಲರ್. ಅವನ ಬಲಗಾಲಿನ ಮೊಣಕಾಲು ಪುಡಿಯಾಗಿತ್ತು. ಅವನನ್ನು ಆಟೋದಲ್ಲಿ ದವಾಖಾನೆಗೆ ಕಳಿಸಿದ ಮೇಲೆ ಪೊಲೀಸರು ಬಂದರು. ಅಷ್ಟರಲ್ಲಿ ನೆರೆದ ಮಂದಿಯಲ್ಲಿ ಯಾರೋ ಒಬ್ಬ ನನ್ನ ಕಿವಿಯಲ್ಲಿ, "ಗಾಡಿ ನಿಂತಿತ್ತು ಅನ್ರಿ, ಬೈಕಿನವನೇ ಬಂದು ಗುದ್ಯಾನ ಅನ್ರಿ," ಎಂದು ಹೇಳಿಕೊಟ್ಟಿದ್ದ. ನಾನು ಹಾಗೆಯೇ ಅಂದೆ. ಸಬ್ ಇನ್ಸ್‌ಪೆಕ್ಟರ್ ಬಗ್ಗಿ ಮುಂದಿನ ಗಾಲಿ ನೋಡಿದರು.

"ಗಾಲಿ ಬಲಕ್ಕ ಹೊಳ್ಳೈತಲ್ರೀ. ನಿಂತ ಗಾಡಿ ಗಾಲಿ ಹಿಂಗಿರತೈತೇನು? ನಿಂತಿದ್ದ ಗಾಡಿ ತಗಿಯೋವ ಹಿಂದ ನೋಡಿ ತಗೀಬೇಕು. ಬರೋವನ ಹಾದಿ ಅದು."

ಆಗ ಅವ್ವ ಮುಂದೆ ಬಂದಳು. ಕನ್ನಡಿಯನ್ನು ಮುಚ್ಚಿದ್ದ ಹಾರವನ್ನು ಅವಳು ನೋಡಿಬಿಟ್ಟಿದ್ದಳು.

"ತಪ್ಪು ನಂದ್ರೀ ಸಾಹೇಬ್ರ, ನನ್ನ ಮಗಂದಲ್ಲ. ಹಾರ ಕಟ್ಟಿದಾಕಿ ನಾ. ಗಂಟು ಸಡಿಲಾಗಿ ಕನ್ನಡಿಗಿ ಅಡ್ಡ ಬಂದೈತಿ."

"ಹೂವಿನ ಮ್ಯಾಲೆ ಕೇಸ್ ಹಾಕಾಕ ಬರಂಗಿಲ್ಲಮ್ಮಾ," ಅಂದರು ಅವರು, ಬೇಸರದಿಂದ.

ಆ ಹೊತ್ತಿನಲ್ಲಿ ನಾನು ಹೇಳಬೇಕಿತ್ತು. ಹೇಳಲಿಲ್ಲ. ಕಾಗದದಲ್ಲಿ ತಪ್ಪು ನನ್ನದೆಂದೇ ಬರೆದರು, ದಂಡ ಕಟ್ಟಿದೆ, ವಿಮೆಯವರು ಅವನಿಗೆ ಕೊಡುವುದನ್ನು ಕೊಟ್ಟರು. ಆದರೆ ಮನೆಯಲ್ಲಿ ತಪ್ಪು ಅವ್ವನದಾಗಿಯೇ ಉಳಿಯಿತು. ನನಗೆ ಅದು ಹಗುರವಾಗಿತ್ತು ಎಂದು ಈಗ ನಾಚಿಕೆಯಿಲ್ಲದೆ ಒಪ್ಪಿಕೊಳ್ಳುತ್ತೇನೆ.

ಅಂದಿನಿಂದ ಅವ್ವ ಹೂ ಕಟ್ಟುವುದನ್ನು ಬಿಟ್ಟಳು. ದೇವರಿಗೂ ಅಂಗಡಿಯಿಂದ ಮೊಳ ಹೂ ತರಿಸುತ್ತಿದ್ದಳು. ವಾರಕ್ಕೊಮ್ಮೆ ಮಸ್ಕಿಯಿಂದ ಸಿಂಧನೂರಿಗೆ, ಅಲ್ಲಿಂದ ಇನ್ನೊಂದು ಬಸ್ಸು ಹಿಡಿದು ಜವಳಗೇರಾಕ್ಕೆ ಹೋಗುವಳು. ಕಾಲಿನಿಂದ ಮಷೀನು ತುಳಿಯಲಾಗದೆ ಟೇಲರ್ ಅದಕ್ಕೆ ಮೋಟಾರು ಹಾಕಿಸಿಕೊಂಡಿದ್ದ. ಅವ್ವ ಅವನ ಪಕ್ಕದಲ್ಲಿ ಕೂತು, ಗಂಟು ಸಡಿಲಾದ ತಪ್ಪನ್ನು ಹೇಳಿಕೊಳ್ಳುತ್ತ, ಕುಪ್ಪಸಗಳಿಗೆ ಹುಕ್ಕು, ಗುಂಡಿ ಹಚ್ಚಿಕೊಟ್ಟು ಸಂಜೆ ಬರುತ್ತಿದ್ದಳು. ಬಸ್ ಸ್ಟ್ಯಾಂಡಿಗೆ ಅದೇ ಕಾರಿನಲ್ಲಿ ಹೋಗಿ ನಾನು ಕರೆತರುತ್ತಿದ್ದೆ. ಅವಳು ಒಮ್ಮೆಯೂ ಮುಂದಿನ ಸೀಟಿನಲ್ಲಿ ಕೂರಲಿಲ್ಲ.

ಕೊನೆಯ ತಿಂಗಳು ಹಾಸಿಗೆ ಹಿಡಿದಾಗ ಒಂದು ಮಧ್ಯಾಹ್ನ ಕೇಳಿದಳು, "ಅಷ್ಟು ಜಗ್ಗಿ ನೋಡಿದ್ದೆ. ಆ ಗಂಟು ಹೆಂಗ ಸಡಿಲಾತೋ ಏನೋ?"

"ಹಳೇದೆಲ್ಲ ಯಾಕ ಬಿಡು ಅವ್ವಾ," ಅಂದೆ. ಅವಳು ತನ್ನ ಬೆರಳುಗಳನ್ನೇ ನೋಡುತ್ತ ಮಲಗಿದಳು. ಅದಾಗಿ ಎಂಟು ದಿನಕ್ಕೆ ತೀರಿಕೊಂಡಳು.

ದಿನದ ಕಾರ್ಯಕ್ಕೆ ಇಡಲು ಅವ್ವನ ಫೋಟೋ ಬೇಕಾಯಿತು. ಅವಳು ನಕ್ಕ ಫೋಟೋ ಇದ್ದದ್ದು ಒಂದೇ, ಅಂದು ಕಾರಿನಲ್ಲಿ ತೆಗೆದ ಎರಡರಲ್ಲೊಂದು. ನನ್ನ ತಂಗಿ ಅದನ್ನೇ ನನ್ನ ಫೋನಿನಿಂದ ತೆಗೆದು ದೊಡ್ಡದು ಮಾಡಿಸಿದಳು. ಬೇಡ ಅನ್ನಬೇಕೆಂದರೆ ಕಾರಣ ಹೇಳಬೇಕಾಗುತ್ತಿತ್ತು.

ಟೇಲರ್ ಬಂದ, ಕೋಲು ಊರಿಕೊಂಡು. ಫೋಟೋದ ಮುಂದೆ ಬಹಳ ಹೊತ್ತು ನಿಂತ. ಡ್ರೈವರ್ ಸೀಟಿನಲ್ಲಿ ಕೂತ ಅವ್ವ, ಅವಳ ಮುಂದೆ ಹೂವಿನಿಂದ ಮುಚ್ಚಿದ ಕನ್ನಡಿ.

"ಇದು ಅವತ್ತಿಂದೇನ್ರೀ? ಗಾಡಿ ಬಡಿಯೋಕಿಂತ ಮೊದಲಿಂದು?"

"ಹೌದು."

ಅವನು ಇನ್ನೂ ಹತ್ತಿರ ಬಗ್ಗಿದ. ದಿನವಿಡೀ ದಾರ ನೋಡುವ ಕಣ್ಣು ಅವನದು. ಕನ್ನಡಿಯ ಬುಡದಲ್ಲಿ ಬೆರಳಿಟ್ಟ.

"ಗಂಟು ಗಟ್ಟಿನೇ ಐತಲ್ರೀ."

"ಗಟ್ಟಿನೇ ಇತ್ತು. ಹೂವು ಮ್ಯಾಲೆ ಎಳದಾವ ನಾ," ಅಂದೆ. ಇಷ್ಟು ವರ್ಷ ಬಾಯಿಗೆ ಬಾರದ್ದು ಒಂದೇ ಉಸಿರಿಗೆ ಬಂತು.

ಅವನು ಬೈಯುತ್ತಾನೆ ಅಂದುಕೊಂಡೆ. ಬೈಯಲಿಲ್ಲ. ಕೋಲು ಸರಿಮಾಡಿಕೊಂಡು ಫೋಟೋವನ್ನೇ ನೋಡುತ್ತ ಹೇಳಿದ:

"ನನ್ನ ಕಾಲಿನ ಮಾತು ಬಿಡ್ರಿ. ಇದನ್ನ ಅವ್ವಾರ ಮುಂದ ಹೇಳಬೇಕಿತ್ರೀ ನೀವು."