ಹಪ್ಪಳ ಕಾಯುವ ಹೆಂಗಸು

ರಸ್ತೆ ಬದಿಯ ವಿಚಿತ್ರಗಳನ್ನು ನೋಡುವ ಚಪಲ ನನಗೆ ಎಲ್ಲಿಂದ ಅಂಟಿಕೊಂಡಿತೋ ತಿಳಿಯದು. ನಮ್ಮ ಮನೆಯಲ್ಲಿ ಬೇರೆ ಯಾರಿಗೂ ಅದು ಇರಲಿಲ್ಲ. ಅರವತ್ತರ ದಶಕದಲ್ಲಿ ಬಂಟ್ವಾಳದ ಹತ್ತಿರದ ಒಂದು ಶಾಲೆಯಲ್ಲಿ ಟೀಚರ್ ಕೆಲಸ ಸಿಕ್ಕಿತು. ಆಮೇಲೆ ರಜೆ ಬಂದರೆ ಸಾಕು, ಬಿ.ಸಿ.ರೋಡಿಗೆ ನಡೆದು ಬಂದು ಯಾವುದಾದರೂ ಬಸ್ಸು ಹತ್ತಿಬಿಡುತ್ತಿದ್ದೆ. ಪಾಣೆಮಂಗಳೂರಿನಲ್ಲಿ ಒಬ್ಬ ವ್ಯಾಪಾರಿ ಎರಡು ತಲೆಯ ಹಾವಿನ ಮರಿಯನ್ನು ಗಾಜಿನ ಭರಣಿಯಲ್ಲಿಟ್ಟು ಗಿರಾಕಿಗಳನ್ನು ಸೆಳೆಯುತ್ತಿದ್ದ. ಬೆಳ್ತಂಗಡಿಯ ದಾರಿಯಲ್ಲಿ ಆನೆಯಂತೆ ಕಾಣುವ ಬಂಡೆ ಇದೆ ಎಂದು ಯಾರೋ ಹೇಳಿದ್ದನ್ನು ನಂಬಿ ಹೋಗಿ, ಸುತ್ತಲೂ ತಿರುಗಿ ನೋಡಿ, ಹಂದಿಯಂತೆ ಕಾಣುತ್ತದೆ ಎಂದು ಒಪ್ಪಿಕೊಂಡು ವಾಪಸು ಬಂದೆ. ಅದರಿಂದೇನೂ ನನಗೆ ಬೇಸರವಾಗಲಿಲ್ಲ.

ಎಲ್ಲಕ್ಕಿಂತ ಹೆಸರು ಮಾಡಿದ್ದು ತೋಡಾರಿನ ಹತ್ತಿರದ ಸಿಮೆಂಟ್ ಹುಲಿ. ಒಬ್ಬ ಹೋಟೆಲಿನವ ಗುಡ್ಡದ ಒರತೆಗೆ ಪೈಪು ಹಾಕಿ, ಆ ಪೈಪಿನ ತುದಿಗೆ ಹುಲಿ ಕಟ್ಟಿಸಿದ್ದ. ನೀರು ಹುಲಿಯ ಬಾಯಿಯಿಂದ ಬೀಳುತ್ತಿತ್ತು. ಹುಲಿಗೆ ಹೋಟೆಲಿನವನದೇ ಮೀಸೆ. ಬಸ್ಸು ಅಲ್ಲಿ ನಿಂತರೆ ಜನ ಇಳಿದು, ಸಾಲಾಗಿ ನಿಂತು, ಬೊಗಸೆಯೊಡ್ಡಿ ಕುಡಿಯುತ್ತಿದ್ದರು. ಮೀನಿನ ಬುಟ್ಟಿಯವರು, ಬೀಡಿಯ ಗಂಟಿನವರು, ಕರಿ ಕೋಟಿನ ವಕೀಲರು ಎಲ್ಲರಿಗೂ ಅದೇ ಬಾಯಿ. ನಾನು ಮಾತ್ರ ನೋಡಿ ನಕ್ಕು ಬಸ್ಸಿನಲ್ಲೇ ಕೂರುತ್ತಿದ್ದೆ. ನಮ್ಮಂಥ ಮನೆಯವರು ಅಲ್ಲಿ ಸಾಲು ನಿಲ್ಲುವುದುಂಟೇ ಎಂಬ ಬಿಗುಮಾನ.

ಮೂಡಬಿದಿರೆಯ ಚಿತ್ರಶಾಲೆಗೆ ಹೋದದ್ದು ಇದೇ ಚಪಲದಿಂದ. ವೃತ್ತಿಯಿಂದ ನಿವೃತ್ತರಾದ ಒಬ್ಬ ಡಾಕ್ಟರು ತಮ್ಮ ಮನೆಯ ಮಾಳಿಗೆಯನ್ನು ಮ್ಯೂಸಿಯಂ ಮಾಡಿದ್ದಾರೆಂದು ನನ್ನ ಜೊತೆಯ ಟೀಚರೊಬ್ಬರು ಹೇಳಿದ್ದರು. ಇಬ್ಬರೂ ಕೂಡಿ ಹೋದೆವು. ಹಳೆಯ ಬೀಗಗಳು, ಅಕ್ಕಿ ಅಳೆಯುವ ಸೇರುಗಳು, ಕಿವಿ ಮುರಿದ ಪಿಂಗಾಣಿ ಕಪ್ಪುಗಳು ಇದ್ದವು. ಕಿಟಕಿಯ ಬಳಿಯ ಗೋಡೆಯಲ್ಲಿ ಒಂದಷ್ಟು ವರ್ಣಚಿತ್ರಗಳು ತೂಗುತ್ತಿದ್ದವು. ಅವುಗಳಲ್ಲಿ ದೊಡ್ಡದರ ಕೆಳಗೆ ‘ಹಪ್ಪಳ ಕಾಯುವ ಹೆಂಗಸು’ ಎಂದು ಬರೆದಿತ್ತು.

ಒಬ್ಬ ಮುದುಕಿ ಮೆಟ್ಟಿಲ ಮೇಲೆ ಕೂತಿದ್ದಾಳೆ. ಕೈಯಲ್ಲಿ ಕಾಗೆ ಓಡಿಸುವ ಬಿದಿರಿನ ಕೋಲು. ಎದುರಿನ ಚಾಪೆಯಲ್ಲಿ ಹಲಸಿನ ಹಪ್ಪಳ ಒಣಗುತ್ತಿದೆ. ಮೈಮೇಲೆ ರವಿಕೆ ಇಲ್ಲ, ಸೆರಗು ಒಂದು ಕಡೆ ಜಾರಿದೆ. ಎಡ ಭುಜದಲ್ಲಿ ಕಾಳುಮೆಣಸಿನಷ್ಟು ದಪ್ಪದ ಮಚ್ಚೆ. ಆ ಮಚ್ಚೆಯನ್ನು ಹಿಂಡಿ ಹಿಂಡಿ ಆಡಿಕೊಂಡೇ ನಾನು ದೊಡ್ಡವಳಾದದ್ದು. ಅದು ನನ್ನ ಅಜ್ಜಿ, ತಾಯಿಯ ತಾಯಿ.

ಜೊತೆಯವರು ಚಿತ್ರದ ಹತ್ತಿರ ಹೋಗಿ ನೋಡಿ, ‘ಪಾಪ, ರವಿಕೆಗೂ ಗತಿ ಇಲ್ಲದ ಹೆಂಗಸು’ ಎಂದರು. ಅವರು ಕೆಟ್ಟವರಲ್ಲ, ಕನಿಕರದಿಂದಲೇ ಹೇಳಿದ್ದು. ಆ ಕಾಲದ ನಮ್ಮ ಕಡೆಯ ಮುದುಕಿಯರು ಎಷ್ಟೇ ಭೂಮಿ ಇದ್ದವರಾದರೂ ರವಿಕೆ ತೊಡುತ್ತಿರಲಿಲ್ಲ ಎಂದು ಹೇಳಬಹುದಿತ್ತು. ಇದು ನಮ್ಮ ಅಜ್ಜಿ ಎಂದೂ ಹೇಳಬಹುದಿತ್ತು. ನಾಚಿಕೆಯಿಂದ ಕಿವಿ ಬಿಸಿಯಾಗಿ, ಬಸ್ಸಿಗೆ ಹೊತ್ತಾಯಿತು ಎಂದು ಅವರನ್ನು ಎಳೆದುಕೊಂಡು ಕೆಳಗಿಳಿದೆ.

ಮನೆಗೆ ಬಂದವಳು ಬಾಯಿ ಮುಚ್ಚಿಕೊಂಡಿರಬೇಕಿತ್ತು. ನೇರ ಹೋಗಿ ಮಾವನಿಗೆ ಹೇಳಿದೆ. ನಮ್ಮದು ಅಳಿಯಸಂತಾನದ ಮನೆ. ತಾಯಿಯ ಅಣ್ಣನಾದ ಮಾವನೇ ಯಜಮಾನರು, ಮನೆಯ ಮಾನ ಅವರ ಮೀಸೆಯಲ್ಲೇ ಇದೆ ಎಂಬಂತೆ ನಡೆದುಕೊಳ್ಳುವವರು. ಕೇಳಿ ಕೆಂಡವಾದರು. ತಮ್ಮ ತಾಯಿಯ ಮೈಯನ್ನು ಗೋಡೆಗೆ ತೂಗಿಸಿ ದಾರಿಹೋಕರಿಗೆಲ್ಲ ತೋರಿಸುವುದೆಂದರೇನು, ನಾಳೆಯೇ ಹೋಗಿ ಇಳಿಸುತ್ತೇನೆ ಎಂದರು. ನನಗೂ ಬೇಕಾದದ್ದು ಅದೇ ಆಗಿತ್ತು.

ಚಿತ್ರ ಮಾಡಿದವನ ನೆನಪು ನನಗೆ ಚೆನ್ನಾಗಿಯೇ ಇತ್ತು. ಐವತ್ತರ ದಶಕದ ಒಂದು ಬೇಸಗೆಯಲ್ಲಿ, ಚಿತ್ರ ಬರೆಯುತ್ತ ಊರೂರು ತಿರುಗುವಾಗ ನಮ್ಮ ಮನೆಗೂ ಬಂದಿದ್ದ, ನಾನಾಗ ಲಂಗದ ಹುಡುಗಿ. ಮದ್ರಾಸಿನಲ್ಲಿ ಚಿತ್ರ ಕಲಿತು ಬಂದ ತೆಳ್ಳಗಿನ ಯುವಕ, ಹೆಗಲಲ್ಲಿ ಬಟ್ಟೆಯ ಚೀಲ. ಅಂಗಳದ ಆಚೆ ತುದಿಯಲ್ಲಿ ಬಿಸಿಲಿಗೇ ಕೂತು ಇಡೀ ದಿನ ಬರೆದ. ತನ್ನಂಥ ಮುದುಕಿಯಲ್ಲಿ ಬರೆಯಲಿಕ್ಕೆ ಏನುಂಟು ಎಂದು ಅಜ್ಜಿ ನಕ್ಕದ್ದು, ಅವಳು ಚಿತ್ರದ ಕಡೆ ನೋಡುವಾಗ ಕಾಗೆ ಹಪ್ಪಳ ಕಚ್ಚಿಕೊಂಡು ಹೋದದ್ದು, ಅವನ ಬಣ್ಣದ ಕೊಳವೆಗಳು, ಎಲ್ಲ ನೆನಪಿತ್ತು. ನನ್ನ ನೆನಪಿನಲ್ಲಿ ಅದೊಂದು ಖುಷಿಯ ದಿನ.

ಮಾವನ ಕೂಗಾಟ ಕೇಳಿ ಅಜ್ಜಿ ಒಳಗಿಂದ ಬಂದಳು. ತಾನೂ ಬರುತ್ತೇನೆ, ಹೇಗೆ ಬಂದಿದೆ ಎಂದು ನೋಡಬೇಕು ಎಂದಳು. ಮಾವ ಎಷ್ಟು ಹೇಳಿದರೂ ಕೇಳಲಿಲ್ಲ. ಮುಂದಿನ ಭಾನುವಾರ, ಮದುವೆಮನೆಗಳಿಗೆಂದು ಈಚೆಗೆ ಹೊಲಿಸಿದ್ದ ರವಿಕೆ ತೊಟ್ಟು, ನಮ್ಮಿಬ್ಬರ ನಡುವೆ ಬಸ್ಸಿನಲ್ಲಿ ಕೂತಳು. ಹುಲಿಯ ಹತ್ತಿರ ಬಸ್ಸು ನಿಂತಾಗ ಕುತ್ತಿಗೆ ಚಾಚಿ ನೋಡಿದಳು. ಊರವರ ಎಂಜಲು ಅದು, ನೋಡ್ಬೇಡಿ ಎಂದರು ಮಾವ.

ಡಾಕ್ಟರು ಬಹಳ ಮರ್ಯಾದೆಯಿಂದ ಬರಮಾಡಿಕೊಂಡರು. ಜಗಲಿಯಲ್ಲಿ ಕೂರಿಸಿ, ಹಿತ್ತಾಳೆಯ ಚೆಂಬಿನಲ್ಲಿ ನೀರು, ತಟ್ಟೆಯಲ್ಲಿ ಬೆಲ್ಲ ತರಿಸಿಟ್ಟರು. ನಮ್ಮ ಕಡೆ ಬಂದವರಿಗೆ ಮೊದಲು ಬೆಲ್ಲ ನೀರು, ಮಾತು ಆಮೇಲೆ. ಜಗಳಕ್ಕೆ ಬಂದವನೂ ಒಂದು ಚೂರು ಬೆಲ್ಲ ಬಾಯಿಗೆ ಹಾಕಿಯೇ ಜಗಳ ಶುರುಮಾಡಬೇಕು. ಮುಟ್ಟದೆ ಎದ್ದರೆ ಆ ಮನೆಗೆ ಅದಕ್ಕಿಂತ ದೊಡ್ಡ ಅವಮಾನವಿಲ್ಲ. ಮಾವ ಚೂರು ಮುರಿದು ಬಾಯಿಗಿಟ್ಟುಕೊಂಡು ಬಂದ ವಿಷಯ ಹೇಳಿದರು. ಅಜ್ಜಿಗೆ ಚಿತ್ರ ನೋಡುವ ಆತುರ, ಬಂದು ಕುಡಿಯುತ್ತೇನೆ ಎಂದು ಮಾಳಿಗೆ ಹತ್ತಿದಳು. ನಾವೂ ಹಿಂದೆ ಹೋದೆವು.

ಚಿತ್ರಕಾರ ತೀರಿಹೋಗಿದ್ದಾನೆ, ಬೊಂಬಾಯಿಯಲ್ಲಿ ಜ್ವರದಲ್ಲಿ ಹೋದ ಎಂದು ಡಾಕ್ಟರು ಹೇಳಿದರು. ಇಳಿಸಬೇಕೋ ಬೇಡವೋ ಎಂಬುದನ್ನು ತಾಯಿಯವರೇ ಹೇಳಲಿ, ಅವರು ಹೇಳಿದಂತೆ ಮಾಡುತ್ತೇನೆ ಎಂದರು. ಮಾವನ ಮುಖ ಅರಳಿತು. ಅಜ್ಜಿ ಕಣ್ಣು ಕಿರಿದುಮಾಡಿ ಚಿತ್ರ ನೋಡುತ್ತಿದ್ದಳು. ಮೊದಲು ಮಚ್ಚೆ ನೋಡಿ ನಕ್ಕಳು. ಹಪ್ಪಳಗಳನ್ನು ನೋಡಿ, ಚೆನ್ನಾಗಿ ಒಣಗಿವೆ ಎಂದಳು. ಆಮೇಲೆ ಅವಳ ನಗು ನಿಂತಿತು.

ಅವಳು ನೋಡುತ್ತಿದ್ದದ್ದು ಚಿತ್ರದ ಕೆಳಗಿನ ಮೂಲೆಯನ್ನು. ಮೊದಲ ಸಲ ಬಂದಾಗ ನಾನು ಅದನ್ನು ಗಮನಿಸಿರಲೇ ಇಲ್ಲ. ನೆಲದ ಮೇಲೆ ಒಂದು ತೆಂಗಿನ ಗೆರಟೆ, ಕಾಯಿ ಹೆರೆದುಳಿದ ಚಿಪ್ಪು, ಅದರ ತುಂಬ ನೀರು. ಪಕ್ಕದಲ್ಲಿ ಎಲೆಯ ತುಂಡಿನ ಮೇಲೆ ಬೆಲ್ಲ. ಬೆಲ್ಲಕ್ಕೆ ಇರುವೆ ಮುತ್ತಿದೆ. ಒಂದೊಂದು ಇರುವೆಯನ್ನೂ ಬಿಡಿಸಿ ಬರೆದಿದ್ದ.

ಅಂಥ ಗೆರಟೆಗಳು ನಮ್ಮ ಅಂಗಳದ ಗೋಡೆಯ ಬಿಲದಲ್ಲಿ ಯಾವಾಗಲೂ ಇರುತ್ತಿದ್ದವು. ಗದ್ದೆಯ ಆಳುಗಳು ನೀರು ಕೇಳಿದರೆ ಅವರೇ ಅದನ್ನು ತೆಗೆದು ನೆಲದಲ್ಲಿಟ್ಟು ದೂರ ನಿಲ್ಲಬೇಕು, ಮನೆಯವರು ಮೇಲಿನಿಂದ ಹೊಯ್ಯಬೇಕು. ಹುಟ್ಟಿದಂದಿನಿಂದ ನೋಡಿದ್ದರಿಂದ ಅವು ನನ್ನ ಕಣ್ಣಿಗೆ ಬೀಳುತ್ತಲೇ ಇರಲಿಲ್ಲ. ಮ್ಯೂಸಿಯಂನಲ್ಲಿ ನಿಂತು ಅದೇ ಗೆರಟೆಯನ್ನು ನೋಡುವಾಗ, ಯಾರೋ ನಮ್ಮ ಮನೆಯ ಬಾಗಿಲನ್ನು ಪೇಟೆಯ ನಡುವೆ ತೆರೆದಿಟ್ಟಂತಾಯಿತು.

ಅಜ್ಜಿ ನನ್ನ ಕಡೆ ತಿರುಗಿದಳು. ‘ಯಾರ ಮನೆಯವ ಅಂತ ಕೇಳಿದ್ದೆ. ಬೆಳ್ತಂಗಡಿ ಕಡೆ ಒಂದು ಮನೆಯ ಮೂಲದಾಳಿನ ಮಗ ಅಂದ. ಮುಚ್ಚಿಡ್ಲಿಲ್ಲ. ಬೇಕಾದರೆ ಸುಳ್ಳು ಹೇಳ್ಬಹುದಿತ್ತು, ಪೇಟೆಯ ಅಂಗಿ ಹಾಕಿದ್ದ.’

ಮೂಲದಾಳು ಎಂದರೆ ತಲೆಮಾರುಗಳಿಂದ ಒಂದೇ ಮನೆಗೆ ದುಡಿದು ಸವೆಯುವವರು. ನಿಜ ಹೇಳಿದ್ದಕ್ಕೆ ಅವನಿಗೆ ಸಿಕ್ಕಿದ್ದು ಗೆರಟೆ. ಹೊಯ್ದವಳು ಅಜ್ಜಿಯೇ.

‘ಅವ ಮುಟ್ಟಲೇ ಇಲ್ಲ ಮಗಾ. ಅಂಥ ಬಿಸಿಲಿಗೆ ಇಡೀ ದಿನ ಕೂತಿದ್ದ. ನಾನು ನೋಡ್ಲೇ ಇಲ್ಲ.’

ಮಾವ ಗಂಟಲು ಸರಿಮಾಡಿಕೊಂಡು, ಆಗಿನ ಕಾಲ ಹಾಗಿತ್ತು, ಈಗ ಅದನ್ನೆಲ್ಲ ಕೆದಕುವುದೇಕೆ, ಇಳಿಸಿ ಎಂದು ಹೇಳಿಬಿಡಿ, ಹೋಗುವ ಎಂದರು. ಆಗಿನ ಕಾಲ ಎಂದರೆ ಯಾವುದು? ಅದೇ ಬೆಳಿಗ್ಗೆ ನಾವು ಹೊರಡುವಾಗಲೂ ಗೆರಟೆಗಳು ಗೋಡೆಯ ಬಿಲದಲ್ಲಿ ಇದ್ದವು.

ಅಜ್ಜಿ ಡಾಕ್ಟರನ್ನು ಕೇಳಿದಳು: ‘ನನ್ನ ಮೈ ಇರ್ಲಿ. ಆ ಗೆರಟೆಯನ್ನು ಮಾತ್ರ ಅಳಿಸ್ಲಿಕ್ಕೆ ಆಗ್ತದಾ? ಅಲ್ಲೊಂದು ಚೆಂಬು ಬರೆದರೆ?’

ಡಾಕ್ಟರು ಆ ಮೂಲೆಯ ಕಡೆಗೆ ಬಗ್ಗಿ ನೋಡಿದರು. ಬರೆಯುವವರು ಸಿಗುತ್ತಾರೆ, ಆದರೆ ಚಿತ್ರ ಕೊಡುವಾಗ ಅವನೊಂದು ಮಾತು ಹೇಳಿದ್ದ, ಹೇಳಲೋ ಬೇಡವೋ ಎಂದು ಯೋಚಿಸುತ್ತಿದ್ದೇನೆ ಎಂದರು. ಅಜ್ಜಿ ಹೇಳಿ ಎಂದಳು. ಆ ಮೂಲೆಯಿಂದಲೇ ಅವನು ಚಿತ್ರ ಶುರುಮಾಡಿದ್ದಂತೆ. ಉಳಿದದ್ದೆಲ್ಲ ಆಮೇಲೆ ಬಂತಂತೆ.

ಅಜ್ಜಿ ಸೆರಗಿನಿಂದ ಮುಖ ಒರೆಸಿಕೊಂಡಳು. ‘ಹಾಗಾದ್ರೆ ಇರ್ಲಿ. ಇಳಿಸುವುದು ಬೇಡ. ನೋಡುವವರು ನೋಡ್ಲಿ’ ಎಂದಳು. ಮಾವ ಮಾನ ಮರ್ಯಾದೆ ಎಂದು ಏನೋ ಹೇಳಹೊರಟರು. ‘ನಾಚಿಕೆ ಆಗ್ಬೇಕಾದ್ದು ಮೈಗಲ್ಲ ಮಗಾ’ ಎಂದು ಅವಳು ಮೆಟ್ಟಿಲಿಳಿದಳು.

ಕೆಳಗೆ ಚೆಂಬು ಕಾಯುತ್ತಿತ್ತು. ಅಜ್ಜಿ ಅದನ್ನು ನೋಡಿ ಕೈ ಚಾಚಿದಳು, ಹಿಂದಕ್ಕೆ ತೆಗೆದಳು. ಒಂದು ಮನೆಯ ಬೆಲ್ಲ ನೀರು ಮುಟ್ಟದೆ ಅವಳು ಎದ್ದದ್ದನ್ನು ನಾನು ಕಂಡದ್ದು ಅದೊಂದೇ ಸಲ. ಇವತ್ತು ಉಪವಾಸ ಎಂದು ಮಾವ ಸುಳ್ಳು ಹೇಳಿದರು. ಡಾಕ್ಟರು ಕೈಮುಗಿದರು, ಬೇಸರಿಸಿದಂತೆ ಕಾಣಲಿಲ್ಲ.

ಬರುವಾಗ ಹುಲಿಯ ಹತ್ತಿರ ಬಸ್ಸು ನಿಂತಿತು. ನಾವು ಹಿಡಿಯುವ ಮೊದಲೇ ಅಜ್ಜಿ ಎದ್ದು ಇಳಿದಿದ್ದಳು. ಮೀನಿನ ಹೆಂಗಸೊಬ್ಬಳ ಹಿಂದೆ ಸಾಲಿನಲ್ಲಿ ನಿಂತು, ಸರದಿ ಬಂದಾಗ ಬೊಗಸೆಯೊಡ್ಡಿ ಕುಡಿದಳು. ಹೊಸ ರವಿಕೆ ತೋಳಿನವರೆಗೂ ಒದ್ದೆಯಾಯಿತು. ಮಾವ ಆಚೆ ಬದಿಯ ಕಿಟಕಿಗೆ ಮುಖ ಮಾಡಿ ಕೂತರು. ಇಳಿದು ಹೋಗಿ ಅವಳ ಪಕ್ಕ ನಿಲ್ಲಬೇಕೆಂದು ನನಗೆ ಅನಿಸಿತು. ಆದರೆ ಬಸ್ಸಿನಲ್ಲಿ ನನ್ನ ಶಾಲೆಯ ಇಬ್ಬರು ಮಕ್ಕಳ ತಂದೆ ಇದ್ದರು, ನಾನು ಏಳಲಿಲ್ಲ.

ಮರುದಿನ ಬೆಳಿಗ್ಗೆ ಗೋಡೆಯ ಬಿಲ ಖಾಲಿ ಇತ್ತು. ಗೆರಟೆಗಳು ಬಚ್ಚಲಿನ ಒಲೆಯಲ್ಲಿ ಉರಿಯುತ್ತಿದ್ದವು. ಅಜ್ಜಿ ಒಲೆಯ ಮುಂದೆ ಕೂತಿದ್ದಳು. ಅವಳ ಮುಖದಲ್ಲಿ ಏನೋ ಹಗುರ ಕಂಡು ನನಗೂ ಸಮಾಧಾನವಾಯಿತು. ಅಷ್ಟಕ್ಕೇ ಎಲ್ಲ ಮುಗಿಯಿತು ಎಂದುಕೊಂಡೆ.

ಬಿಸಿಲೇರುವ ಹೊತ್ತಿಗೆ ಗದ್ದೆಯಿಂದ ನಮ್ಮ ಹಳೆಯ ಆಳು ಹೆಂಗಸು ನೀರಿಗೆ ಬಂದಳು. ಅಜ್ಜಿಯದೇ ಪ್ರಾಯದವಳು. ಅಜ್ಜಿ ಮದುವೆಯಾಗುವ ಮೊದಲಿಂದಲೂ ನಮ್ಮ ಗದ್ದೆಯಲ್ಲೇ ಬಗ್ಗಿದವಳು. ಅಜ್ಜಿ ಹಿತ್ತಾಳೆಯ ಚೆಂಬಿನಲ್ಲಿ ನೀರು, ತಟ್ಟೆಯಲ್ಲಿ ಬೆಲ್ಲ ಹಿಡಿದು ತಾನೇ ಅಂಗಳಕ್ಕೆ ಇಳಿದಳು. ತಟ್ಟೆಯನ್ನು ಮೆಟ್ಟಿಲ ಮೇಲಿಟ್ಟು, ಎರಡೂ ಕೈಯಲ್ಲಿ ಚೆಂಬನ್ನು ಮುಂದಕ್ಕೆ ಚಾಚಿದಳು. ಆ ಹೆಂಗಸು ಎರಡು ಹೆಜ್ಜೆ ಹಿಂದೆ ಸರಿದು ಕೈಗಳನ್ನು ಬೆನ್ನ ಹಿಂದೆ ಮಾಡಿಕೊಂಡಳು. ತೆಗೊ, ಏನೂ ಆಗುವುದಿಲ್ಲ ಎಂದು ಅಜ್ಜಿ ಹೇಳುತ್ತಲೇ ಇದ್ದಳು. ಆ ಹೆಂಗಸು ಚೆಂಬನ್ನು ನೋಡುತ್ತಲೇ ಇರಲಿಲ್ಲ. ಹೆದರಿದ ಕಣ್ಣುಗಳಿಂದ ಗೋಡೆಯ ಬಿಲದಲ್ಲಿ ಹುಡುಕುತ್ತಿದ್ದಳು.

‘ನನ್ನ ಗೆರಟೆ ಎಲ್ಲಿ ಒಡತಿ?’ ಎಂದಳು. ‘ನನ್ನಿಂದ ಏನು ತಪ್ಪಾಯ್ತು?’

ಅಜ್ಜಿಯ ಕೈಯಲ್ಲಿ ಚೆಂಬು ವಾಲಿ ನೀರು ಅಂಗಳಕ್ಕೆ ಚೆಲ್ಲಿತು. ಆ ಹೆಂಗಸು ನೀರು ಕುಡಿಯದೆಯೇ ಗದ್ದೆಗೆ ಇಳಿದು ಹೋದಳು.